ಚೀಕಲಪರ್ವಿಗೆ 27 ಬೈಟು

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರ ಊರು. ಓದುವ ಕಣ್ಣಿಗೆ ಆ ಹೆಸರು ಐದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ ಒಟ್ಟು 27. ಕೊನೆಯ ‘ರ್ವಿ’ಗೇ 12 ಬೈಟು ಬೇಕು.

ದಾಸರು 25,000 ಕೃತಿಗಳನ್ನು ರಚಿಸಿದರೆಂಬ ಪ್ರತೀತಿಯಿದೆ. ಉಳಿದು ಬಂದದ್ದು ಅದರಲ್ಲೊಂದು ಪಾಲು ಮಾತ್ರ. ಅವನ್ನು ಕಂಪ್ಯೂಟರಿಗೆ ಏರಿಸಲು, ಪಲ್ಲವಿಯನ್ನೇ ಫೈಲಿನ ಹೆಸರಾಗಿಸುವ ಪ್ರೋಗ್ರಾಮನ್ನು ಯಾರೋ ಬರೆದರು ಎಂದುಕೊಳ್ಳೋಣ. ಲಿನಕ್ಸಿನ ಎಕ್ಸ್ಟ್4 ಫೈಲ್‌ಸಿಸ್ಟಂನಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿ. ಕೊನೆಯ ‘ಡಾಟ್ ಟಿಎಕ್ಸ್‌ಟಿ’ಗೆ ನಾಲ್ಕು ಬೈಟು ಕಳೆದರೆ ಕನ್ನಡಕ್ಕೆ ಸಿಗುವುದು 83 ಸಂಕೇತ. ಅನುಪಲ್ಲವಿಯೂ ಸೇರಿದರೆ ಹೆಸರು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಆಗ ಫೈಲ್ ತೆರೆಯುವ ‘ಓಪನ್’ ಕರೆ -1 ಕೊಡುತ್ತದೆ. ‘ಹೆಸರು ತೀರಾ ಉದ್ದ’ ಎಂಬ ಕಾರಣ ‘ಎರ್‌ನೋ’ ಎಂಬ ಚರಾಂಶದಲ್ಲಿರುತ್ತದೆ.

ಆ -1 ನೋಡದ ಕೋಡ್ ಅದನ್ನೇ ಫೈಲಿಗೆ ಬರೆಯುವ ‘ರೈಟ್’ಗೆ ದಾಟಿಸುತ್ತದೆ. ರೈಟ್ ‘ಫೈಲ್ ಡಿಸ್ಕ್ರಿಪ್ಟರ್ ಸರಿಯಿಲ್ಲ’ ಎನ್ನುತ್ತದೆ. ಮೂಲ ಕಾರಣ ಅಳಿಸಿಹೋಯಿತು. ಲಾಗ್ ಓದುವವರು ಇಲ್ಲದ ತಪ್ಪನ್ನು ಹುಡುಕುತ್ತಾ ಕೂರಬೇಕು. ಓಪನ್ ಸೋತ ಕ್ಷಣವೇ ಎರ್‌ನೋವನ್ನು ಬೇರೆಡೆ ಎತ್ತಿಡಬೇಕು; ನಡುವೆ ಒಂದು ‘ಪ್ರಿಂಟ್‌ಎಫ್’ ಬಂದರೂ ಅದು ಬದಲಾಗಬಹುದು. ಕರೆ ಗೆದ್ದಾಗ ಎರ್‌ನೋ ಸೊನ್ನೆಯಾಗುವುದಿಲ್ಲ. ಹಾಗಾಗಿ ಅದೊಂದನ್ನೇ ನೋಡಿ ಸೋಲು–ಗೆಲುವು ತೀರ್ಮಾನಿಸುವುದೂ ತಪ್ಪು.

ರೈಟ್ ಇನ್ನೂ ಸೂಕ್ಷ್ಮ. ಡಿಸ್ಕ್ ತುಂಬುತ್ತಾ ಬಂದಾಗ 8192 ಬೈಟು ಕೊಟ್ಟರೆ 4096 ಮಾತ್ರ ಬರೆದು, ಅಷ್ಟನ್ನೇ ಹೇಳಿ ಹಿಂದಿರುಗಬಹುದು. ಅದು -1 ಅಲ್ಲವಾದ್ದರಿಂದ ಅವಸರದ ಕೋಡ್ ಎಲ್ಲ ಸರಿಯಿದೆಯೆಂದು ಮುಂದೆ ಹೋಗುತ್ತದೆ. ಕೀರ್ತನೆಯ ಚರಣ ಮೂರು ಬೈಟಿನ ಸಂಕೇತದ ನಡುವೆಯೇ ತುಂಡಾಗಿರಬಹುದು. ಬರೆದದ್ದೆಷ್ಟು ಎಂದು ಎಣಿಸಿ, ಉಳಿದದ್ದಕ್ಕೆ ಮತ್ತೆ ರೈಟ್ ಕರೆಯುವುದೇ ಸರಿಯಾದ ಕ್ರಮ.

ರೈಟ್ ಗೆದ್ದರೂ ಅಕ್ಷರ ಡಿಸ್ಕ್ ಸೇರಿರಬೇಕೆಂದಿಲ್ಲ. ಅದಕ್ಕೆ ‘ಎಫ್‌ಸಿಂಕ್’ ಬೇಕು. ಅದೂ ಸೋತರೆ?

2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ತಂಡದವರು ಈ ಪ್ರಶ್ನೆಗೇ ಮುಖಾಮುಖಿಯಾದರು. ಸೋತ ಎಫ್‌ಸಿಂಕನ್ನು ಮತ್ತೆ ಕರೆದರೆ ಲಿನಕ್ಸ್ ಗೆಲುವು ಸಾರುತ್ತಿತ್ತು. ಡಿಸ್ಕಿಗೆ ಬರೆಯಲಾಗದ ಮೆಮೊರಿ ಪುಟಗಳನ್ನೂ ಬರೆದು ಮುಗಿಸಿದವೆಂದೇ ಗುರುತು ಹಾಕಿರುತ್ತಿತ್ತು. ಅಲ್ಲಿಂದಾಚೆಗೆ ಪೋಸ್ಟ್‌ಗ್ರೆಸ್ ಮರುಪ್ರಯತ್ನ ಕೈಬಿಟ್ಟು, ಸರ್ವರನ್ನೇ ನಿಲ್ಲಿಸಿ ತನ್ನ ಲಾಗ್‌ನಿಂದ ಚೇತರಿಸಿಕೊಳ್ಳುವ ದಾರಿ ಹಿಡಿಯಿತು. ಡೇಟಾ ಕಾಯಬೇಕಾದ ಪ್ರೋಗ್ರಾಮಿಗೆ ಇದಕ್ಕಿಂತ ಪ್ರಾಮಾಣಿಕ ನಡೆ ಇನ್ನೊಂದಿಲ್ಲ.

ಪರೀಕ್ಷೆಗೆ ಡಿಸ್ಕ್ ತುಂಬುವವರೆಗೆ ಕಾಯಬೇಕಿಲ್ಲ. ಲಿನಕ್ಸಿನ ‘ಡೆವ್’ ಫೋಲ್ಡರಿನಲ್ಲಿ ‘ಫುಲ್’ ಎಂಬ ಸಾಧನವಿದೆ. ಏನು ಬರೆಯಹೋದರೂ ‘ಜಾಗವಿಲ್ಲ’ ಎನ್ನುತ್ತದೆ. ನಿಮ್ಮ ಪ್ರೋಗ್ರಾಮಿನ ಔಟ್‌ಪುಟ್ಟನ್ನು ಇವತ್ತೇ ಅದರತ್ತ ತಿರುಗಿಸಿ, ಅದು ದೂರು ಹೇಳುತ್ತದೆಯೋ ಸುಮ್ಮನಿರುತ್ತದೆಯೋ ನೋಡಿ.