ವರ್ತಕನ ಸಾಕ್ಷ್ಯ ಮತ್ತು ಸಾರ್ವಜನಿಕ ಭೂಮಿ

ಲೋಕಹಿತಕ್ಕಾಗಿ ಮಾತನಾಡುವ ವರ್ತಕನನ್ನು ಕೆಲವರು ಧರ್ಮಾತ್ಮನೆಂದು ಕೊಂಡಾಡುತ್ತಾರೆ. ಮತ್ತೆ ಕೆಲವರು ‘ಇದರಲ್ಲಿ ಇವನಿಗೇನು ಲಾಭ?’ ಎಂದು ಕೇಳಿ, ವಿಚಾರವನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ. ಈ ಎರಡೂ ವಿವೇಕದ ಮಾರ್ಗಗಳಲ್ಲ. ನ್ಯಾಯಾಲಯವು ಹಿತಾಸಕ್ತಿಯುಳ್ಳ ಸಾಕ್ಷಿಯನ್ನು ಹೊರಗಟ್ಟುವುದಿಲ್ಲ. ಅವನ ಹೇಳಿಕೆಯನ್ನು ಹೆಚ್ಚಿನ ಎಚ್ಚರಿಕೆಯಿಂದ ತೂಗುತ್ತದೆ. ಅಮೆರಿಕದಲ್ಲಿ ಸಾರ್ವಜನಿಕ ಭೂಮಿಯ ರಕ್ಷಣೆಗಾಗಿ ಪರ್ವತಾರೋಹಣ ಮತ್ತು ವನವಿಹಾರದ ಸಾಮಗ್ರಿಗಳನ್ನು ಮಾರುವ ಉದ್ಯಮವು ನಡೆಸಿದ ಹೋರಾಟವನ್ನು ಇಂತಹ ತೂಕಕ್ಕೆ ಇಡುವುದು ಯೋಗ್ಯವಾಗಿದೆ.

ಆ ದೇಶದ ಒಟ್ಟು ನೆಲದಲ್ಲಿ ಶೇಕಡಾ 28ರಷ್ಟು, ಅಂದರೆ ಸುಮಾರು 64 ಕೋಟಿ ಎಕರೆ, ಒಕ್ಕೂಟ ಸರಕಾರದ ಒಡೆತನದಲ್ಲಿದೆ. ಪಶ್ಚಿಮದ ಉಟಾ ರಾಜ್ಯದಲ್ಲಂತೂ ಮೂರರಲ್ಲಿ ಎರಡು ಪಾಲಿಗೆ ಹತ್ತಿರದ ಭೂಮಿ ಹೀಗಿದೆ. ಆ ರಾಜ್ಯದ ಆಗ್ನೇಯ ಮೂಲೆಯಲ್ಲಿ ಕರಡಿಯ ಎರಡು ಕಿವಿಗಳಂತೆ ನಿಂತಿರುವ ಜೋಡಿ ಶಿಖರಗಳಿಂದ ಬೇರ್ಸ್ ಇಯರ್ಸ್ ಎಂಬ ಹೆಸರು ಪಡೆದ ಪ್ರದೇಶವುಂಟು. ಬಂಡೆಗಳ ಪೊಟರೆಗಳಲ್ಲಿ ಕಟ್ಟಿದ ಪುರಾತನ ಮನೆಗಳು, ಧಾನ್ಯದ ಕಣಜಗಳು, ಶಿಲಾಚಿತ್ರಗಳು, ಸಮಾಧಿಗಳು ಅಲ್ಲಿ ಸಹಸ್ರಾರು ಇವೆ. ಹೋಪಿ, ನವಾಹೋ, ಝೂನಿ ಹಾಗೂ ಎರಡು ಯೂಟ್ ಬುಡಕಟ್ಟುಗಳಿಗೆ ಅದು ಪೂರ್ವಜರ ನೆಲೆ. ಈ ಐದು ಬುಡಕಟ್ಟುಗಳು 2015ರಲ್ಲಿ ಒಂದುಗೂಡಿ, 19 ಲಕ್ಷ ಎಕರೆ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಬೇಕೆಂದು ಕೇಳಿದವು. 2016ರ ಡಿಸೆಂಬರ್ 28ರಂದು ರಾಷ್ಟ್ರಾಧ್ಯಕ್ಷ ಬರಾಕ್ ಒಬಾಮಾ 1906ರ ಪುರಾವಶೇಷ ಕಾಯಿದೆಯನ್ವಯ ಸುಮಾರು 13.5 ಲಕ್ಷ ಎಕರೆಯನ್ನು ಹಾಗೆ ಘೋಷಿಸಿದರು. ಒಂದು ವರ್ಷ ತುಂಬುವುದರೊಳಗೆ, 2017ರ ಡಿಸೆಂಬರ್ 4ರಂದು, ಅವರ ಉತ್ತರಾಧಿಕಾರಿ ಡೊನಾಲ್ಡ್ ಟ್ರಂಪ್ ಅದನ್ನು 2,01,876 ಎಕರೆಗೆ ಇಳಿಸಿದರು. ನೆರೆಯ ಗ್ರಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆ ಸ್ಮಾರಕವನ್ನು ಸರಿಸುಮಾರು ಅರ್ಧಕ್ಕೆ ಕುಗ್ಗಿಸಿದರು.

ಆ ದಿನ ಕ್ಯಾಲಿಫೋರ್ನಿಯದ ವೆಂಚುರಾ ನಗರದ ಪ್ಯಾಟಗೋನಿಯಾ ಎಂಬ ಉಡುಪಿನ ಕಂಪನಿಯು ತನ್ನ ಮಾರಾಟದ ಮುಖಪುಟವನ್ನು ಕಪ್ಪಾಗಿಸಿ, ಅದರ ಮೇಲೆ ಬಿಳಿಯ ಅಕ್ಷರಗಳಲ್ಲಿ ಒಂದು ವಾಕ್ಯವನ್ನು ಮುದ್ರಿಸಿತು: ‘ರಾಷ್ಟ್ರಾಧ್ಯಕ್ಷರು ನಿಮ್ಮ ಭೂಮಿಯನ್ನು ಕದ್ದರು.’ ಎರಡು ದಿನಗಳ ಬಳಿಕ ಇತರ ಸಂಸ್ಥೆಗಳೊಡನೆ ಸೇರಿ ದಾವೆಯನ್ನೂ ಹೂಡಿತು. ಜಾಕೆಟ್ಟು ಮಾರುವ ಅಂಗಡಿಯೊಂದು ದೇಶದ ಅಧಿಪತಿಯನ್ನು ಕಳ್ಳನೆಂದು ಕರೆದುದು ಸಾಮಾನ್ಯ ಸಂಗತಿಯಲ್ಲ. ಆದುದರಿಂದ ಆ ವಾಕ್ಯವನ್ನು ಪದಪದವಾಗಿ ಪರೀಕ್ಷಿಸುವುದು ಉಚಿತ.

ಮೊದಲು ‘ಕದ್ದರು’ ಎಂಬ ಕ್ರಿಯಾಪದ. ಆಜ್ಞೆಯ ಮುನ್ನಾದಿನ ಆ ನೆಲ ಒಕ್ಕೂಟ ಸರಕಾರದ್ದಾಗಿತ್ತು. ಆಜ್ಞೆಯ ಮರುದಿನವೂ ಸರಕಾರದ್ದೇ ಆಗಿತ್ತು. ಒಂದು ಎಕರೆಯೂ ಕ್ರಯವಾಗಲಿಲ್ಲ, ಯಾರ ಹೆಸರಿಗೂ ವರ್ಗವಾಗಲಿಲ್ಲ. ಬದಲಾದದ್ದು ಅದರ ಮೇಲಿದ್ದ ರಕ್ಷಣೆ: ಹೊಸ ಗಣಿ ಹಕ್ಕುಗಳಿಗೆ ಮುಚ್ಚಿದ್ದ ಬಾಗಿಲು 2018ರ ಫೆಬ್ರುವರಿಯಲ್ಲಿ ತೆರೆಯಿತು. ಇದು ಅಲ್ಪವಾದ ಬದಲಾವಣೆಯಲ್ಲ. ಸಮೀಪದಲ್ಲೇ ಯುರೇನಿಯಂ ಸಂಸ್ಕರಣಾ ಘಟಕವನ್ನು ನಡೆಸುವ ಎನರ್ಜಿ ಫ್ಯೂಯೆಲ್ಸ್ ಕಂಪನಿಯು ಗಡಿಯನ್ನು ಕುಗ್ಗಿಸುವಂತೆ ಸರಕಾರವನ್ನು ಕೋರಿದ್ದುದು ದಾಖಲೆಯಲ್ಲಿದೆ. ಆದರೂ ಕಾವಲುಗಾರನು ಬೀಗ ತೆಗೆದಿಟ್ಟರೆ ಅದು ಕರ್ತವ್ಯಲೋಪವಾದೀತು, ವಿಶ್ವಾಸದ್ರೋಹವೂ ಆದೀತು. ಕಳವು ಎನ್ನುವುದಕ್ಕೆ ಇನ್ನೊಂದು ಹೆಜ್ಜೆ ಬಾಕಿ ಉಳಿಯುತ್ತದೆ. ಲೆಕ್ಕದ ಪುಸ್ತಕದಲ್ಲಿ ಸಂಶಯಾಸ್ಪದ ಬಾಕಿಯನ್ನು ಮುಳುಗಿದ ಬಾಕಿಯೆಂದು ಬರೆಯುವ ಗುಮಾಸ್ತನನ್ನು ಯಾವ ಮಾಲೀಕನೂ ಒಪ್ಪುವುದಿಲ್ಲ. ಸತ್ಯದ ಪಕ್ಷವನ್ನು ವಹಿಸಿದವನು ಪದದ ಆಯ್ಕೆಯಲ್ಲಿ ಎದುರಾಳಿಗಿಂತ ಹೆಚ್ಚು ಕಟ್ಟುನಿಟ್ಟಾಗಿರಬೇಕಾಗುತ್ತದೆ.

ಎರಡನೆಯದು ‘ನಿಮ್ಮ’ ಎಂಬ ಸರ್ವನಾಮ. ಯಾರಿಗೆ ಈ ಸಂಬೋಧನೆ? ಜಾಕೆಟ್ಟು ಕೊಳ್ಳಲು ಬಂದ ಗ್ರಾಹಕನಿಗೆ. ಸಾರ್ವಜನಿಕ ಭೂಮಿಯು ಪ್ರತಿಯೊಬ್ಬ ಪ್ರಜೆಯದು ಎಂಬ ಅರ್ಥದಲ್ಲಿ ಇದು ಸರಿಯೇ. ಆದರೆ 1864ರಲ್ಲಿ ನವಾಹೋ ಜನರನ್ನು ಸೈನ್ಯವು ಅವರ ನೆಲದಿಂದ ಎಬ್ಬಿಸಿ, ನೂರಾರು ಮೈಲಿ ನಡೆಸಿ, ಸೆರೆಯಲ್ಲಿಟ್ಟಿತು. ‘ಕದ್ದ ಭೂಮಿ’ ಎಂಬ ಮಾತನ್ನು ಆ ನಾಡಿನಲ್ಲಿ ಆಡುವ ಮೊದಲ ಹಕ್ಕು ಯಾರಿಗಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುಡಕಟ್ಟುಗಳು ಆಜ್ಞೆ ಹೊರಟ ದಿನವೇ ನ್ಯಾಯಾಲಯದ ಮೆಟ್ಟಿಲೇರಿದ್ದವು. ಅವರ ದಾವೆಯ ಭಾಷೆ ಶಾಂತವಾಗಿತ್ತು, ಕಾನೂನಿನ ನೆಲೆ ಗಟ್ಟಿಯಾಗಿತ್ತು. ಆದರೆ ಜಗತ್ತಿನ ಕಿವಿಗೆ ಬಿದ್ದದ್ದು ಕಂಪನಿಯ ಕಪ್ಪು ಪುಟ. ಸಹಾಯಕನಾಗಿ ಬಂದವನ ಧ್ವನಿಯಲ್ಲಿ ಮೂಲ ವಾದಿಯ ಧ್ವನಿ ಅಡಗಿಹೋಗುವುದು ಒಳ್ಳೆಯ ಕಾರ್ಯಗಳಲ್ಲಿಯೂ ಸಂಭವಿಸುವ ದೋಷ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಉತ್ತರವನ್ನೂ ನೋಡಬೇಕು. ಕೆಳಮನೆಯ ನೈಸರ್ಗಿಕ ಸಂಪನ್ಮೂಲ ಸಮಿತಿಯು ಅದೇ ಕಪ್ಪು ಹಿನ್ನೆಲೆಯನ್ನು ಅನುಕರಿಸಿ, ‘ಪ್ಯಾಟಗೋನಿಯಾ ನಿಮಗೆ ಸುಳ್ಳು ಹೇಳುತ್ತಿದೆ’ ಎಂದು ಸರಕಾರಿ ಹೆಸರಿನಲ್ಲಿಯೇ ಪ್ರಕಟಿಸಿತು. ಅದರ ಅಧ್ಯಕ್ಷರು ಉಟಾ ರಾಜ್ಯದವರೇ ಆದ ರಾಬ್ ಬಿಷಪ್. ಸ್ಮಾರಕದ ವಿರೋಧಿಗಳಿಗೆ ಹೇಳಲು ಸತ್ತ್ವವುಳ್ಳ ಮಾತುಗಳು ಇಲ್ಲದಿರಲಿಲ್ಲ. ರಕ್ಷಿಸಬೇಕಾದ ವಸ್ತುಗಳಿಗೆ ತಕ್ಕಷ್ಟು ಅತ್ಯಲ್ಪ ಪ್ರದೇಶಕ್ಕೆ ಮಾತ್ರ ಸ್ಮಾರಕ ಸೀಮಿತವಾಗಿರಬೇಕೆಂದು 1906ರ ಕಾಯಿದೆಯೇ ಹೇಳುತ್ತದೆ. ತಲೆಮಾರುಗಳಿಂದ ಅಲ್ಲಿ ದನ ಮೇಯಿಸಿ, ಸೌದೆ ತಂದು ಬದುಕಿದವರಿಗೆ ದೂರದ ರಾಜಧಾನಿಯ ಒಂದು ಸಹಿಯಿಂದ ತಮ್ಮ ಬದುಕು ಬದಲಾದೀತೆಂಬ ಭಯವಿತ್ತು. ಸಮಿತಿಯು ಈ ವಾದಗಳನ್ನು ಬಿಟ್ಟು ಜಾಹೀರಾತಿಗೆ ಜಾಹೀರಾತಿನ ಉತ್ತರ ಕೊಟ್ಟಿತು. ಒಬ್ಬ ವ್ಯಾಪಾರಿಯು ಅತಿಶಯೋಕ್ತಿಯನ್ನಾಡಿದರೆ ಅವನ ಸರಕನ್ನು ಬಿಟ್ಟುಬಿಡಬಹುದು. ರಾಜ್ಯಾಂಗದ ಅಂಗವೊಂದು ಒಬ್ಬ ಪ್ರಜೆಯನ್ನು ಸುಳ್ಳುಗಾರನೆಂದು ಸಾರಿದರೆ ಪ್ರಜೆಯು ಎಲ್ಲಿಗೆ ಹೋಗಬೇಕು? ಈ ವಾಗ್ಯುದ್ಧದಲ್ಲಿ ಇಬ್ಬರೂ ತಪ್ಪಿದರು. ಸಮಿತಿಯ ತಪ್ಪು ದೊಡ್ಡದು.

ಮಾತಿನಿಂದ ಕೃತಿಗೆ ಬಂದರೆ, ಇದಕ್ಕೂ ಮುನ್ನ ನಡೆದ ಬಹಿಷ್ಕಾರವನ್ನು ಪರಿಶೀಲಿಸಬೇಕು. ಈ ಉದ್ಯಮದ ‘ಔಟ್‌ಡೋರ್ ರೀಟೇಲರ್’ ಎಂಬ ಮಹಾಮೇಳವು 1996ರಿಂದ ಉಟಾದ ಸಾಲ್ಟ್ ಲೇಕ್ ನಗರದಲ್ಲಿ ನಡೆಯುತ್ತಿತ್ತು. ಅದರಿಂದ ರಾಜ್ಯಕ್ಕೆ ವರ್ಷಕ್ಕೆ ಸುಮಾರು 4.5 ಕೋಟಿ ಡಾಲರುಗಳ ವಹಿವಾಟು ಆಗುತ್ತಿತ್ತೆಂದು ಅಂದಾಜು. 2017ರ ಆರಂಭದಲ್ಲಿ ಉಟಾ ಶಾಸನಸಭೆಯು ಸ್ಮಾರಕವನ್ನು ರದ್ದುಗೊಳಿಸಬೇಕೆಂದು ನಿರ್ಣಯ ಮಾಡಿದಾಗ, ಪ್ಯಾಟಗೋನಿಯಾ ಮೊದಲಾದ ಕಂಪನಿಗಳು ಮೇಳವನ್ನು ತೊರೆಯುವುದಾಗಿ ಸಾರಿದವು. ಮೇಳವು 2018ರಲ್ಲಿ ಡೆನ್ವರ್ ನಗರಕ್ಕೆ ಸ್ಥಳಾಂತರಗೊಂಡಿತು. ಬಹಿಷ್ಕಾರವು ಅಹಿಂಸಾತ್ಮಕ ಅಸ್ತ್ರವೆಂಬುದು ನಿಜ. ಆದರೆ ಪೆಟ್ಟು ಬಿದ್ದುದು ಯಾರಿಗೆ? ನಿರ್ಣಯಕ್ಕೆ ಕೈಯೆತ್ತಿದ ಶಾಸಕರಿಗಿಂತ ಮೊದಲು ವಸತಿಗೃಹದ ನೌಕರನಿಗೆ, ಬಾಡಿಗೆ ಕಾರಿನವನಿಗೆ. ಅಷ್ಟಾದರೂ ಶಾಸನಸಭೆ ಮಣಿಯಲಿಲ್ಲ. 2023ರಲ್ಲಿ ಮೇಳದ ವ್ಯವಸ್ಥಾಪಕರು ಮತ್ತೆ ಸಾಲ್ಟ್ ಲೇಕ್ ನಗರಕ್ಕೇ ಮರಳಿದರು. ಉಟಾದ ನಿಲುವಿನಲ್ಲಿ ಬದಲಾವಣೆಯೇನೂ ಆಗಿರಲಿಲ್ಲ. ಕೆಲವು ದೊಡ್ಡ ಕಂಪನಿಗಳು ಆಗಲೂ ದೂರ ಉಳಿದುದು ಅವುಗಳ ಸ್ಥೈರ್ಯಕ್ಕೆ ಸಾಕ್ಷಿ. ಉದ್ಯಮವೆಂಬುದು ಒಂದೇ ಮನಸ್ಸಿನ ವ್ಯಕ್ತಿಯಲ್ಲವೆಂಬುದೂ ಇದರಿಂದ ಸ್ಪಷ್ಟವಾಯಿತು.

ಇನ್ನು ಹಣದ ಖಾತೆಯನ್ನು ತೆರೆಯೋಣ. ಅಮೆರಿಕದಲ್ಲಿ ಬೇಟೆಗಾರರು ಕೊಳ್ಳುವ ಬಂದೂಕು, ಮದ್ದುಗುಂಡುಗಳ ಮೇಲೆ 1937ರ ಕಾಯಿದೆಯಿಂದ ಬರುವ ತೆರಿಗೆಯು ವನ್ಯಜೀವಿ ರಕ್ಷಣೆಗೆ ಸಲ್ಲುತ್ತದೆ. ಮೀನುಗಾರಿಕೆಯ ಸಲಕರಣೆಗಳಿಗೆ 1950ರಿಂದ ಅದೇ ಕ್ರಮವಿದೆ. 1990ರ ದಶಕದಲ್ಲಿ ಚಾರಣದ ಚೀಲ, ಡೇರೆ, ದುರ್ಬೀನುಗಳ ಮೇಲೆಯೂ ಅಂತಹ ಒಂದು ಸಣ್ಣ ತೆರಿಗೆಯನ್ನು ಹಾಕಬೇಕೆಂಬ ಪ್ರಸ್ತಾಪ ಬಂದಿತು. ಅದನ್ನು ವಿರೋಧಿಸಿದವರಲ್ಲಿ ಇದೇ ಉದ್ಯಮವು ಮುಂಚೂಣಿಯಲ್ಲಿತ್ತು. ಆಮದು ಸುಂಕವನ್ನು ತಾವು ಈಗಾಗಲೇ ತೆರುತ್ತಿದ್ದೇವೆಂಬ ಅವರ ಸಮಾಧಾನದಲ್ಲಿ ಅಲ್ಪಸ್ವಲ್ಪ ನ್ಯಾಯವಿದ್ದೀತು. ಆದರೂ ಪ್ರಾಣಿಯನ್ನು ಕೊಲ್ಲುವವನು ಅದರ ಸಂತತಿಯ ರಕ್ಷಣೆಗೆ ಕಂದಾಯ ಕೊಡುತ್ತಿರುವಾಗ, ಕಾಡನ್ನು ಪ್ರೀತಿಸುತ್ತೇನೆನ್ನುವವನು ಕಂದಾಯದಿಂದ ತಪ್ಪಿಸಿಕೊಂಡುದು ವಿಚಿತ್ರವಾದ ಸನ್ನಿವೇಶ. ಈ ಉದ್ಯಮವು ಹೆಮ್ಮೆಯಿಂದ ಎತ್ತಿಹಿಡಿದ 2020ರ ಕಾಯಿದೆಯನ್ವಯ ಭೂಸಂರಕ್ಷಣಾ ನಿಧಿಗೆ ವರ್ಷಂಪ್ರತಿ 90 ಕೋಟಿ ಡಾಲರು ಸಲ್ಲಬೇಕು. ಆ ಹಣ ಬಹುತೇಕ ಸಮುದ್ರದಡಿಯ ತೈಲ ಮತ್ತು ಅನಿಲದ ರಾಜಧನದಿಂದ ಬರುವಂಥದು. ಒಂದು ಕಡೆ ಕೊರೆದ ಬಾವಿಯಿಂದ ಮತ್ತೊಂದು ಕಡೆಯ ಕಾಡು ಉಳಿಯುತ್ತಿದೆ.

ಹಾಗಾದರೆ ಈ ಸಾಕ್ಷ್ಯವೆಲ್ಲವೂ ಟೊಳ್ಳೇ? ಅಲ್ಲ. ಪ್ಯಾಟಗೋನಿಯಾದ ಸಂಸ್ಥಾಪಕ ಈವಾನ್ ಶುನಾರ್ಡ್ ಅವರ ಜೀವನದಲ್ಲಿ ಒಂದು ಘಟನೆಯಿದೆ. ಅವರು ಯೌವನದಲ್ಲಿ ಕುಲುಮೆಯಲ್ಲಿ ಕಾಯಿಸಿ ಬಡಿದು ಪಿಟನ್ ಎಂಬ ಉಕ್ಕಿನ ಮೊಳೆಗಳನ್ನು ತಯಾರಿಸುತ್ತಿದ್ದರು. ಬಂಡೆಯ ಬಿರುಕಿಗೆ ಅದನ್ನು ಹೊಡೆದು, ಹಗ್ಗ ಕಟ್ಟಿ ಮೇಲೇರುವುದು ಆಗಿನ ಪದ್ಧತಿ. ಮೊಳೆಯನ್ನು ಹೊಡೆದು ಕೀಳುವುದರಿಂದ ಯೋಸೆಮಿಟಿಯ ಶಿಲೆಗಳು ಜಖಂಗೊಳ್ಳುತ್ತಿದ್ದುದನ್ನು ಅವರೇ ಕಂಡರು. ಆ ಮೊಳೆಯೇ ಅವರ ವ್ಯಾಪಾರದ ಆಧಾರವಾಗಿತ್ತು. 1972ರ ತಮ್ಮ ಮಾರಾಟಪಟ್ಟಿಯಲ್ಲಿಯೇ, ಸುತ್ತಿಗೆ ಮೊಳೆಗಳನ್ನು ಬಿಟ್ಟು, ಕೈಯಿಂದ ಸಿಕ್ಕಿಸಿ ಕೈಯಿಂದ ತೆಗೆಯಬಹುದಾದ ಅಲ್ಯೂಮಿನಿಯಂ ಬೆಣೆಗಳನ್ನು ಬಳಸಬೇಕೆಂದು ಅವರ ಸಂಸ್ಥೆಯು ಗ್ರಾಹಕರಿಗೆ ಬೋಧಿಸಿತು. ತನ್ನ ಗಲ್ಲಾಪೆಟ್ಟಿಗೆಯನ್ನು ತುಂಬಿಸುವ ಸರಕಿನಿಂದ ಹಾನಿಯಿದೆಯೆಂದು ತಾನೇ ಹೇಳಿದ ಆ ಮಾತಿಗೆ 2017ರ ಕಪ್ಪು ಪುಟಕ್ಕಿಂತ ಹೆಚ್ಚಿನ ತೂಕವಿದೆ. 1985ರಿಂದ ಕಂಪನಿಯು ತನಗೆ ತಾನೇ ವಿಧಿಸಿಕೊಂಡ, ಮಾರಾಟದ ಶೇಕಡಾ 1ರ ಕೊಡುಗೆಯನ್ನೂ ಇದೇ ಸಾಲಿನಲ್ಲಿ ಎಣಿಸಬೇಕು. 2022ರಲ್ಲಿ ಸುಮಾರು 300 ಕೋಟಿ ಡಾಲರು ಬೆಲೆಯ ಕಂಪನಿಯ ಒಡೆತನವನ್ನೇ ಶುನಾರ್ಡ್ ಕುಟುಂಬವು ಒಂದು ಟ್ರಸ್ಟಿಗೂ, ಪರಿಸರಕಾರ್ಯಕ್ಕೆ ಮೀಸಲಾದ ಒಂದು ಸಂಸ್ಥೆಗೂ ಬಿಟ್ಟುಕೊಟ್ಟಿತು. ಇದರಿಂದ ತೆರಿಗೆಯ ಹೊರೆ ತಪ್ಪಿತೆಂದು ಹೇಳುವವರಿದ್ದಾರೆ. ತೆರಿಗೆ ತಪ್ಪಿದ್ದರೂ ಆಸ್ತಿ ಅವರ ಕೈಯಲ್ಲಿ ಉಳಿಯಲಿಲ್ಲವೆಂಬುದು ಸ್ಪಷ್ಟ.

ಆದರೂ ಒಂದು ಪ್ರಶ್ನೆ ಬಿಡಲೊಲ್ಲದು. 2011ರ ನವೆಂಬರಿನಲ್ಲಿ ಇದೇ ಕಂಪನಿಯು ತನ್ನದೇ ಜಾಕೆಟ್ಟಿನ ಚಿತ್ರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಇದನ್ನು ಕೊಳ್ಳಬೇಡಿ ಎಂದು ಬರೆಯಿತು. ಅದರ ತಯಾರಿಕೆಗೆ 135 ಲೀಟರು ನೀರು ಬೇಕೆಂದು ತಾನೇ ಲೆಕ್ಕ ಕೊಟ್ಟಿತು. ಮರುವರ್ಷ ಮಾರಾಟ ಏರಿತು. ಪ್ರಾಮಾಣಿಕತೆಯೂ ಜಾಹೀರಾತಾಗಿ ಪರಿಣಮಿಸುವುದು ವ್ಯಾಪಾರಿಯ ವಿಧಿ. ಅದಕ್ಕಾಗಿ ಪ್ರಾಮಾಣಿಕತೆಯನ್ನು ದೂಷಿಸಲಾಗದು. ಆದರೆ ತನ್ನ ಸದ್ಗುಣದಿಂದಲೇ ಲಾಭ ಪಡೆಯುವವನ ಪರೀಕ್ಷೆಯನ್ನು ಲಾಭವಿಲ್ಲದ ಸ್ಥಳದಲ್ಲಿ ನಡೆಸಬೇಕು.

ಅಂತಹ ಸ್ಥಳಗಳು ಎರಡಿವೆ. ನೆವಾಡ ರಾಜ್ಯದಲ್ಲಿ ತಾಹೋ ಸರೋವರದ ದಡದಲ್ಲಿರುವ ಕೇವ್ ರಾಕ್ ಎಂಬ ಗುಹಾಶಿಲೆಯು ವಾಶೋ ಬುಡಕಟ್ಟಿಗೆ ಪರಮ ಪವಿತ್ರ. ಅಲ್ಲಿ ಬಂಡೆ ಏರುವುದನ್ನು ಅರಣ್ಯ ಇಲಾಖೆ ನಿಷೇಧಿಸಿದಾಗ, ಆರೋಹಿಗಳ ಹಿತರಕ್ಷಣಾ ಸಂಸ್ಥೆಯಾದ ಆಕ್ಸೆಸ್ ಫಂಡ್ ಆ ನಿಷೇಧದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2007ರಲ್ಲಿ ಮೇಲ್ಮನವಿಯಲ್ಲಿಯೂ ಸೋತಿತು. ಹತ್ತು ವರ್ಷಗಳ ಬಳಿಕ ಇದೇ ಸಂಸ್ಥೆಯು ಬೇರ್ಸ್ ಇಯರ್ಸ್ ರಕ್ಷಣೆಗಾಗಿ ಪ್ಯಾಟಗೋನಿಯಾದೊಡನೆ ದಾವೆಯಲ್ಲಿ ಸೇರಿತು. ಬೇರ್ಸ್ ಇಯರ್ಸ್‌ನ ಒಳಗಿರುವ ಇಂಡಿಯನ್ ಕ್ರೀಕ್ ಕಣಿವೆಯು ಬಂಡೆ ಏರುವವರಿಗೆ ಜಗತ್ಪ್ರಸಿದ್ಧ ತಾಣ. ಗಣಿಗಾರನಿಂದ ಪವಿತ್ರ ಭೂಮಿಯನ್ನು ಕಾಪಾಡಲು ಮುಂದೆ ಬಂದವರು, ತಮ್ಮ ಕ್ರೀಡೆಯಿಂದ ಅದನ್ನು ಕಾಪಾಡಬೇಕಾಗಿ ಬಂದಾಗ ಹಿಂದೆ ಎದುರು ನಿಂತಿದ್ದರು ಎಂಬುದನ್ನು ಮರೆಯುವಂತಿಲ್ಲ. ಎರಡನೆಯ ಸ್ಥಳ ವಯೋಮಿಂಗ್ ರಾಜ್ಯದ ಡೆವಿಲ್ಸ್ ಟವರ್. 1906ರ ಕಾಯಿದೆಯಡಿ ಘೋಷಿತವಾದ ಮೊಟ್ಟಮೊದಲ ರಾಷ್ಟ್ರೀಯ ಸ್ಮಾರಕ ಅದು. ಲಕೋಟ ಮೊದಲಾದ ಬುಡಕಟ್ಟುಗಳು ಜೂನ್ ತಿಂಗಳಲ್ಲಿ ಅಲ್ಲಿ ವ್ರತಾಚರಣೆ ನಡೆಸುತ್ತವೆ. 1995ರ ವ್ಯವಸ್ಥೆಯಂತೆ ಜೂನಿನಲ್ಲಿ ಏರಬಾರದೆಂದು ಆರೋಹಿಗಳಿಗೆ ವಿನಂತಿ ಮಾಡಲಾಯಿತು. ದಂಡವಿಲ್ಲ, ಕಾವಲಿಲ್ಲ. ಆದರೂ ಬಹುಮಂದಿ ಆ ತಿಂಗಳು ಹಗ್ಗವನ್ನು ಮನೆಯಲ್ಲಿಯೇ ಇಟ್ಟರು. ಇದು ಯಾವ ಪತ್ರಿಕೆಯ ಮುಖಪುಟದಲ್ಲಿಯೂ ಮೆರೆಯುವಂತಹ ಸಾಹಸವಲ್ಲ. ಆದರೆ ಇಡೀ ಚಳವಳಿಯಲ್ಲಿ ಅತ್ಯಂತ ಶುದ್ಧವಾದ ಅಂಶ ಯಾವುದೆಂದು ಕೇಳಿದರೆ ಇದನ್ನೇ ತೋರಿಸಬೇಕಾದೀತು.

2021ರ ಅಕ್ಟೋಬರಿನಲ್ಲಿ ರಾಷ್ಟ್ರಾಧ್ಯಕ್ಷ ಜೋ ಬೈಡನ್ ಎರಡೂ ಸ್ಮಾರಕಗಳ ಗಡಿಯನ್ನು ಪುನಃಸ್ಥಾಪಿಸಿದರು. 2022ರಲ್ಲಿ ಐದು ಬುಡಕಟ್ಟುಗಳು ಬೇರ್ಸ್ ಇಯರ್ಸ್‌ನ ಜಂಟಿ ನಿರ್ವಹಣೆಯ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷ ಉಟಾ ರಾಜ್ಯ ಪುನಃಸ್ಥಾಪನೆಯ ವಿರುದ್ಧ ದಾವೆ ಹೂಡಿತು. ಒಬ್ಬರ ಲೇಖನಿ ಬರೆದುದನ್ನು ಮುಂದಿನವರ ಲೇಖನಿ ಅಳಿಸುವ ಈ ಕ್ರಮದಲ್ಲಿ ಯಾವ ರಕ್ಷಣೆಯೂ ಸ್ಥಿರವಲ್ಲ. 2025ರ ಜೂನಿನಲ್ಲಿ ಉಟಾದ ಸೆನೆಟ್ ಸದಸ್ಯ ಮೈಕ್ ಲೀ ಆಯವ್ಯಯ ಮಸೂದೆಯಲ್ಲಿ ಲಕ್ಷಾಂತರ ಎಕರೆ ಸಾರ್ವಜನಿಕ ಭೂಮಿಯನ್ನು ನಿಜವಾಗಿಯೇ ಮಾರುವ ಕಲಮನ್ನು ತಂದರು. ಬೇಟೆಗಾರರು, ಮೀನುಗಾರರು, ಚಾರಣಿಗರು, ಅವರದೇ ಪಕ್ಷದ ಕೆಲವು ಸದಸ್ಯರು ಒಂದಾಗಿ ವಿರೋಧಿಸಿದ್ದರಿಂದ ಆ ತಿಂಗಳೊಳಗೇ ಅದನ್ನು ಹಿಂತೆಗೆದುಕೊಂಡರು. 2017ರಲ್ಲಿ ಅವಸರದಿಂದ ಖರ್ಚಾದ ಕಟುವಾದ ಪದಕ್ಕೆ ತಕ್ಕ ಸಂದರ್ಭ ಬಂದುದು ಎಂಟು ವರ್ಷಗಳ ಮೇಲೆ. ಆಗ ಗೆಲುವು ತಂದುದು ಭಿನ್ನ ಮತದವರ ಕೂಟವೇ ಹೊರತು ಯಾವ ಒಂದು ಕಂಪನಿಯ ಘೋಷಣೆಯೂ ಅಲ್ಲ.

ಹೀಗೆ ತೂಗಿದಾಗ ಈ ಉದ್ಯಮದ ಸಾಕ್ಷ್ಯವನ್ನು ಅಂಗೀಕರಿಸಬಹುದು, ಕೆಲವು ಕಡಿತಗಳೊಡನೆ. ಭೂಮಿಯನ್ನು ಅಗೆಯುವವನಂತೆ ಅದರ ಮೇಲೆ ವಿಹರಿಸುವವನೂ ಅದರಿಂದ ಪಡೆಯುವವನೇ. ಇಬ್ಬರ ಪಡೆಯುವಿಕೆಯಲ್ಲಿ ಪ್ರಮಾಣಭೇದ ಬಹಳವಿದೆ. ಆ ಭೇದವನ್ನು ಅಳಿಸುವುದು ಅನ್ಯಾಯ. ಆದರೆ ತಾನು ಏನನ್ನೂ ಪಡೆಯುತ್ತಿಲ್ಲವೆಂಬ ಭಾವದಿಂದ ಮಾತನಾಡುವ ರಕ್ಷಕನು ತನ್ನ ಪಾಲಿನ ಹಾನಿಯನ್ನು ಕಾಣಲಾರ. ಪಿಟನ್ನನ್ನು ಕೈಬಿಟ್ಟ ಕುಲುಮೆಯವನೂ, ಜೂನ್ ತಿಂಗಳಲ್ಲಿ ಬಂಡೆಯ ಬುಡದಿಂದ ಹಿಂದಿರುಗಿದ ಅನಾಮಧೇಯ ಆರೋಹಿಯೂ ತಮ್ಮ ಪಾಲಿನದನ್ನು ಕಂಡುಕೊಂಡವರು. ಸಾರ್ವಜನಿಕ ಭೂಮಿಯ ಪರವಾಗಿ ನುಡಿಯುವ ಹಕ್ಕು ಇಂಥವರಿಗೆ ತಾನಾಗಿಯೇ ದೊರೆಯುತ್ತದೆ.