ಬಿಲ್ಲೆ ಕೊಡುವವನ ಲೆಕ್ಕದ ಪುಸ್ತಕ

ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಒಂದು ತಗಡಿನ ಬಿಲ್ಲೆ ಕೊಡುತ್ತಾರಲ್ಲ, ವೆಬ್‌ಸೈಟುಗಳು ನಮ್ಮ ಬ್ರೌಸರ್‌ಗೆ ಕೊಡುವ ಕುಕೀ ಮೊದಮೊದಲು ಅಷ್ಟೇ ಆಗಿತ್ತು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದನ್ನು ಹೊಸೆದಾಗ ಅವರ ಮುಂದಿದ್ದದ್ದು ಸಣ್ಣ ತೊಂದರೆ. ಅಂಗಡಿಯ ಒಂದು ಪುಟದಲ್ಲಿ ಬುಟ್ಟಿಗೆ ಹಾಕಿದ ಸಾಮಾನು ಇನ್ನೊಂದು ಪುಟಕ್ಕೆ ಹೋಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಬಿಲ್ಲೆ ತೋರಿಸು, ನಿನ್ನ ಚಪ್ಪಲಿ ತಗೋ. ಇದರಲ್ಲಿ ಯಾರಿಗೇನು ಕಷ್ಟ?

ಕಷ್ಟ ಶುರುವಾದದ್ದು ಊರಿನ ಎಲ್ಲ ದೇವಸ್ಥಾನಗಳ ಚಪ್ಪಲಿ ಸ್ಟ್ಯಾಂಡನ್ನು ಒಬ್ಬನೇ ಗುತ್ತಿಗೆ ಹಿಡಿದಾಗ. ಬೆಳಿಗ್ಗೆ ಗಣಪತಿ, ಗುರುವಾರ ರಾಯರ ಮಠ, ಶನಿವಾರ ಶನಿಮಹಾತ್ಮ. ಎಲ್ಲ ಕಡೆ ಅದೇ ಬಿಲ್ಲೆ, ಅದೇ ಪುಸ್ತಕದಲ್ಲಿ ಲೆಕ್ಕ. ಶನಿ ಗುಡಿಗೆ ವಾರ ತಪ್ಪದೆ ಬರುವವನ ಮನೆಯ ಪರಿಸ್ಥಿತಿ ಏನೆಂದು ಆ ಗುತ್ತಿಗೆದಾರನಿಗೆ ಯಾರೂ ಹೇಳಬೇಕಾಗಿಲ್ಲ. ಎಳ್ಳೆಣ್ಣೆ ಮಾರುವವನಿಗೆ ವಿಳಾಸ ಕೊಟ್ಟರಾಯಿತು. ಥರ್ಡ್ ಪಾರ್ಟಿ ಕುಕೀ ಅಂದರೆ ಇದೇ.

ಬ್ರೌಸರ್ ಆರಿಸುವಾಗ ನಾನು ಮೊದಲು ನೋಡುವುದು ಈ ಗುತ್ತಿಗೆದಾರನ ಜೊತೆ ಅದರ ಸಂಬಂಧ ಎಂಥದ್ದು ಅಂತ. ಆ್ಯಪಲ್‌ನ ಸಫಾರಿ 2020ರ ಮಾರ್ಚ್‌ನಲ್ಲಿ ಇಂಥ ಬಿಲ್ಲೆಗಳನ್ನು ಪೂರ್ತಿ ನಿಲ್ಲಿಸಿತು. ಫೈರ್‌ಫಾಕ್ಸ್ 2022ರಲ್ಲಿ ಕಂಪ್ಯೂಟರ್ ಬಳಸುವ ಎಲ್ಲರಿಗೂ ಒಂದು ಚೆಂದದ ವ್ಯವಸ್ಥೆ ತಂದಿತು: ಒಂದು ಗುಡಿಯಲ್ಲಿ ಕೊಟ್ಟ ಬಿಲ್ಲೆ ಆ ಗುಡಿಯಲ್ಲೇ ಚಲಾವಣೆ, ಪಕ್ಕದ ಗುಡಿಯಲ್ಲಿ ತಗಡಷ್ಟೇ. ಕ್ರೋಮ್? 2020ರ ಜನವರಿಯಲ್ಲಿ, ಎರಡು ವರ್ಷದೊಳಗೆ ನಿಲ್ಲಿಸುತ್ತೇವೆ ಎಂದು ಗೂಗಲ್ ಹೇಳಿತು. ಆಮೇಲೆ ಮುಂದಕ್ಕೆ ಹಾಕಿತು, ಮತ್ತೆ ಮುಂದಕ್ಕೆ ಹಾಕಿತು, 2024ರ ಜುಲೈನಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು. ಕ್ರೋಮ್ ಕೆಟ್ಟ ಬ್ರೌಸರ್ ಅಲ್ಲ. ಚುರುಕಾಗಿದೆ, ಭದ್ರತೆಯ ತೇಪೆಗಳು ಹೊತ್ತಿಗೆ ಸರಿಯಾಗಿ ಬರುತ್ತವೆ. ಆದರೆ ಅದರ ಯಜಮಾನನ ಅನ್ನ ಜಾಹೀರಾತಿನಿಂದ ಹುಟ್ಟುತ್ತದೆ.

“ಇನ್‌ಕಾಗ್ನಿಟೊದಲ್ಲಿ ನೋಡ್ತೀನಿ ಬಿಡ್ರೀ” ಅನ್ನುವವರಿದ್ದಾರೆ. ಅದು ಹಿತ್ತಲ ಬಾಗಿಲಿಂದ ಹೊರಗೆ ಹೋದ ಹಾಗೆ. ಮನೆಯವರಿಗೆ ಗೊತ್ತಾಗುವುದಿಲ್ಲ, ಬೀದಿಗೆ ಗೊತ್ತಾಗುತ್ತದೆ. ಅಮೆರಿಕದಲ್ಲಿ 2020ರಲ್ಲಿ ಇದೇ ವಿಷಯಕ್ಕೆ ಗೂಗಲ್ ಮೇಲೆ ದಾವೆ ಬಿತ್ತು. 2024ರಲ್ಲಿ ರಾಜಿಯಾದಾಗ ಕೋಟಿಗಟ್ಟಲೆ ದಾಖಲೆಗಳನ್ನು ನಾಶಮಾಡಲು ಕಂಪನಿ ಒಪ್ಪಬೇಕಾಯಿತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನನ್ನ ಈ ಗೀಳು ನೋಡಿ ಕೇಳಿದರು: “ನಾನೇನು ಕಳ್ಳನೇನಯ್ಯಾ, ಮುಚ್ಚಿಡೋಕೆ?”

“ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡ್ರೆ ಪೇಪರ್‌ನಲ್ಲಿ ಸುತ್ತಿಕೊಡು ಅಂತೀರಲ್ಲ ಸಾರ್.”

ನಕ್ಕರು. ಮರುದಿನ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದರು.

ಅವರ ಲ್ಯಾಪ್‌ಟಾಪಿನಲ್ಲೇ ನನಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದದ್ದು. ಬಿಲ್ಲೆಯೇ ಬೇಡ, ಮುಖ ನೋಡಿ ಗುರುತು ಹಿಡಿಯುತ್ತೇನೆ ಎನ್ನುವ ವಿದ್ಯೆ ಒಂದಿದೆ, ಫಿಂಗರ್‌ಪ್ರಿಂಟಿಂಗ್. ಪರದೆಯ ಅಳತೆ, ಗಡಿಯಾರದ ವಲಯ, ಭಾಷೆ, ಕಂಪ್ಯೂಟರಿನಲ್ಲಿರುವ ಅಕ್ಷರ ವಿನ್ಯಾಸಗಳು: ಒಂದೊಂದೂ ಸಣ್ಣ ವಿವರ, ಕೂಡಿಸಿದರೆ ಜಾತಕ. 2010ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ ಶೇ. 83.6ರಷ್ಟಕ್ಕೆ ಆ ಗುಂಪಿನಲ್ಲಿ ಜೋಡಿಯೇ ಸಿಗಲಿಲ್ಲ.

ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ನುಡಿ ಇದೆ, ಬರಹ ಇದೆ, ಯಾವುದೋ ಡಿಟಿಪಿ ಅಂಗಡಿಯಿಂದ ತಂದ ಹತ್ತಾರು ಕನ್ನಡ ಫಾಂಟುಗಳಿವೆ. ಬ್ರೌಸರ್‌ನ ಮೊದಲ ಆಯ್ಕೆಯ ಭಾಷೆ ಕನ್ನಡ; ಅಂದರೆ ತೆರೆದ ಪ್ರತಿಯೊಂದು ಸೈಟಿಗೂ ಅದು “ಇವರಿಗೆ ಕನ್ನಡ ಬೇಕಂತೆ” ಎಂದು ಹೇಳುತ್ತಲೇ ಹೋಗುತ್ತದೆ. ಇಂಗ್ಲಿಷ್‌ನಲ್ಲಿ ಎಲ್ಲವನ್ನೂ ಮುಗಿಸುವ ಹುಡುಗ ಜಾತ್ರೆಯಲ್ಲಿ ಕರಗಿಹೋಗುತ್ತಾನೆ. ಮೇಷ್ಟ್ರು ಪಂಚೆ, ಪೇಟ, ಶಲ್ಯದಲ್ಲಿ ವಿಮಾನ ನಿಲ್ದಾಣಕ್ಕೆ ಹೋದವರ ಹಾಗೆ ಎದ್ದು ಕಾಣುತ್ತಾರೆ. ಕನ್ನಡದ ಮೇಲಿನ ಪ್ರೀತಿಯೇ ಗುರುತಿನ ಚೀಟಿ!

ಗೋಪ್ಯತೆಯ ವಿಷಯದಲ್ಲಿ ಅತಿ ಕಟ್ಟುನಿಟ್ಟಾದ ಟಾರ್ ಬ್ರೌಸರ್ ಇದಕ್ಕೆ ಕೊಡುವ ಸಲಹೆ, ಪುಟಗಳನ್ನು ಇಂಗ್ಲಿಷ್‌ನಲ್ಲೇ ಕೇಳೋಣವೇ ಅಂತ. ಎಲ್ಲರೂ ಒಂದೇ ಥರ ಕಂಡರೆ ಯಾರೂ ಸಿಕ್ಕಿಬೀಳುವುದಿಲ್ಲ, ತರ್ಕ ಸರಿಯೇ. ಆದರೆ ದಿನಬಳಕೆಗೆ ಆ ಬೆಲೆ ತೆರಲು ನನಗೆ ಇಷ್ಟವಿಲ್ಲ. ಬೇರೆ ದಾರಿಗಳಿವೆ. ಸಫಾರಿ 2018ರಿಂದ ನಾವು ಹಾಕಿಕೊಂಡ ಫಾಂಟುಗಳನ್ನು ಸೈಟುಗಳಿಗೆ ತೋರಿಸುವುದೇ ಇಲ್ಲ. ಫೈರ್‌ಫಾಕ್ಸ್ 2023ರಿಂದ ತನ್ನ ಖಾಸಗಿ ಕಿಟಕಿಯಲ್ಲಿ ಹಾಗೆಯೇ ಮಾಡುತ್ತದೆ. ಬ್ರೇವ್ ಬಹುರೂಪಿ: ಸೈಟಿಗೊಂದರಂತೆ ಮುಖ ತುಸು ತುಸು ಬದಲಿಸಿಕೊಳ್ಳುತ್ತದೆ.

ಹಾಗಾದರೆ ಯಾವುದು? ಐಫೋನ್ ಇರುವವರು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಐಫೋನಿನ ಎಲ್ಲ ಬ್ರೌಸರ್‌ಗಳ ಒಳಗೂ ಸಫಾರಿಯ ಎಂಜಿನ್ನೇ ಓಡುತ್ತದೆ, ಸಫಾರಿಯಲ್ಲೇ ಇರಿ.

ಉಳಿದವರಿಗೆ ಪೈಪೋಟಿ ಬ್ರೇವ್ ಮತ್ತು ಫೈರ್‌ಫಾಕ್ಸ್ ನಡುವೆ. ಬ್ರೇವ್ ಕಟ್ಟಿದವರಲ್ಲಿ ಒಬ್ಬರು ಜಾವಾಸ್ಕ್ರಿಪ್ಟ್ ಸೃಷ್ಟಿಸಿದ ಬ್ರೆಂಡನ್ ಐಕ್. ಹಾಕಿದ ಕೂಡಲೇ ಜಾಹೀರಾತು ಮಾಯ, ಸೆಟ್ಟಿಂಗ್ಸ್ ಮುಟ್ಟುವ ಗೋಜಿಲ್ಲ. ಆದರೆ ವಾಲೆಟ್ಟು, ಕ್ರಿಪ್ಟೊ ಎಂದು ತಲೆ ತಿನ್ನುತ್ತದೆ. ಒಮ್ಮೆ ಕೂತು ಎಲ್ಲವನ್ನೂ ಆಫ್ ಮಾಡಬೇಕು. 2020ರಲ್ಲಿ ಕೆಲವು ಕ್ರಿಪ್ಟೊ ಸೈಟುಗಳ ವಿಳಾಸ ಟೈಪಿಸಿದವರಿಗೆ ತನ್ನ ಕಮಿಷನ್ ಕೊಂಡಿ ಅಂಟಿಸಿ ಕೊಟ್ಟು ಸಿಕ್ಕಿಬಿದ್ದು ಕ್ಷಮೆ ಕೇಳಿದ್ದೂ ಉಂಟು.

ಫೈರ್‌ಫಾಕ್ಸ್ ಕೂಡ ಮಡಿಯುಟ್ಟು ಕೂತಿಲ್ಲ. ಅದರ ಒಡೆಯ ಮೊಜಿಲ್ಲಾಗೆ ಬರುವ ಹಣದ ಬಹುಪಾಲು ಗೂಗಲ್ಲಿನದೇ, ಸರ್ಚ್ ಅನ್ನು ಮೊದಲೇ ಅಲ್ಲಿ ಕೂರಿಸಿದ್ದಕ್ಕೆ. 2025ರ ಫೆಬ್ರುವರಿಯಲ್ಲಿ, ನಿಮ್ಮ ಮಾಹಿತಿಯನ್ನು ಎಂದೂ ಮಾರುವುದಿಲ್ಲ ಎಂಬ ಹಳೆಯ ಮಾತನ್ನು ತನ್ನ ಪುಟದಿಂದ ತೆಗೆದಾಗ ನನಗೂ ಕಸಿವಿಸಿಯಾಯಿತು. ಆದರೂ ನನ್ನ ಮತ ಅದಕ್ಕೇ. ಕಾರಣ ಒಂದು, ರೇಮಂಡ್ ಹಿಲ್ ಬರೆದ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್. ಕ್ರೋಮ್ ತನ್ನ ನಿಯಮ ಬದಲಿಸಿ ಅದನ್ನು ಹೊರಗೆ ಹಾಕಿತು, ಅಲ್ಲೀಗ ಸಿಗುವುದು ಅದರ ನೀರು ಬೆರೆಸಿದ ಲೈಟ್ ಆವೃತ್ತಿ. ಫೈರ್‌ಫಾಕ್ಸಿನಲ್ಲಿ ಗಟ್ಟಿ ಹಾಲು, ಆಂಡ್ರಾಯ್ಡ್ ಫೋನಿನಲ್ಲೂ. ಇನ್ನೊಂದು ಕಾರಣ, ಬ್ರೇವ್, ಎಡ್ಜ್, ಒಪೇರಾ, ವಿವಾಲ್ಡಿ ಎಲ್ಲದರ ಬುನಾದಿ ಗೂಗಲ್ಲಿನ ಕ್ರೋಮಿಯಂ. ಬೇರೆ ಬುನಾದಿಯ ಮನೆ ಒಂದಾದರೂ ಊರಲ್ಲಿ ಇರಲಿ.

ಕ್ರೋಮ್ ಅನ್ನು ಮಾತ್ರ ತಕ್ಷಣ ತೆಗೆದುಹಾಕಬೇಡಿ. ಕಳೆದ ತಿಂಗಳು ಒಂದು ಇಲಾಖೆಯ ಪೋರ್ಟಲ್‌ನಲ್ಲಿ ಮುಕ್ಕಾಲು ಗಂಟೆ ಕೂತು ಅರ್ಜಿ ತುಂಬಿ ಸಬ್ಮಿಟ್ ಒತ್ತಿದರೆ ಬಟನ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕ್ರೋಮ್‌ನಲ್ಲಿ ಮತ್ತೆ ಮೊದಲಿನಿಂದ ತುಂಬಿದೆ, ಹೋಯಿತು. ಅಂಥ ಕೆಲಸಕ್ಕಷ್ಟೇ ಅದು ಇರಲಿ, ಗೂಗಲ್ ಖಾತೆಗೆ ಲಾಗಿನ್ ಆಗದೆ.

ಮೇಷ್ಟ್ರಿಗೆ ಹಾಕಿಕೊಟ್ಟದ್ದು ಫೈರ್‌ಫಾಕ್ಸ್, ಮೆನು ಸಹಿತ ಕನ್ನಡದಲ್ಲಿ. ಸ್ವಯಂಸೇವಕರು ಮಾಡಿದ ಅನುವಾದ ಅದು. ಮೇಷ್ಟ್ರು ಆಗಲೇ ಕೆಂಪು ಪೆನ್ನು ಹಿಡಿದು ನಾಲ್ಕು ತಪ್ಪು ಪಟ್ಟಿ ಮಾಡಿದ್ದಾರೆ. ನಿಮಗೂ ತಪ್ಪು ಕಂಡರೆ ಮೊಜಿಲ್ಲಾದ ಪೊಂಟೂನ್ ತಾಣದಲ್ಲಿ ತಿದ್ದುಪಡಿ ಸೂಚಿಸಬಹುದು.