ಊಹೆಗೆ ಎಡೆಗೊಡದ ಸಾಲುಗಳು

ಈ ವಾರವೆಲ್ಲ ನನ್ನ ಜೊತೆಗಿದ್ದದ್ದು ನಾನೇ ಬರೆದ, ಟೂಲೊಂದರ ಪುಟ್ಟ ವಿವರಣೆ. ‘ಲಾಗಿನ್ ಆ್ಯಪ್ ಒಂದನ್ನು ನೋಂದಾಯಿಸುವ ಅಥವಾ ತಿದ್ದುವ ಮೊದಲು ಈ ಟೂಲನ್ನು ಕರೆ. ಆ ಬಗೆಯ ಆ್ಯಪಿಗೆ ಯಾವ ಫೀಲ್ಡುಗಳು ಬೇಕೆಂದು ಇದು ಹೇಳುತ್ತದೆ. ಏನನ್ನೂ ಬದಲಿಸುವುದಿಲ್ಲ.’ ಕಡತದಲ್ಲಿ ಇದು ಇಂಗ್ಲಿಷಿನಲ್ಲಿದೆ. ಬರೆದ ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ ನೋಡುವುದು ನನ್ನ ರೂಢಿ. ಕನ್ನಡದಲ್ಲಿ ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ಮೂಲದಲ್ಲೂ ಜಳ್ಳು ಇರುತ್ತದೆ. ಈ ಸಾಲುಗಳು ಎಲ್ಲೂ ತೊಡರಲಿಲ್ಲ. ಯಾವಾಗ ಕರೆಯಬೇಕು, ಏನು ಸಿಗುತ್ತದೆ, ಯಾಕೆ ಹೆದರಬೇಕಿಲ್ಲ ಎಂಬ ಮೂರೂ ಬಂದಿವೆ. ಎರಡನೆಯ ಸಲ ಓದಿದಾಗಲೂ ಹಿತವಾಯಿತು.

ಇದನ್ನು ಓದುವುದು ಎಐ ಏಜೆಂಟ್. ಯಾವುದೇ ಜಾಲತಾಣ ತನ್ನ ಲಾಗಿನ್ ಕೆಲಸವನ್ನು ಬೇರೊಂದು ಸೇವೆಗೆ ಒಪ್ಪಿಸಬೇಕಾದರೆ ಅಲ್ಲಿ ಮೊದಲು ತನ್ನನ್ನು ನೋಂದಾಯಿಸಿಕೊಳ್ಳಬೇಕು. ಹೆಸರು, ಬಗೆ, ಲಾಗಿನ್ ಮುಗಿದ ಮೇಲೆ ಬಳಕೆದಾರರು ಮರಳಬೇಕಾದ ವಿಳಾಸ, ಹೀಗೆ ಹತ್ತಾರು ವಿವರ. ಈ ಫಾರಂ ತುಂಬುತ್ತಿದ್ದವರು ಮನುಷ್ಯರು. ಈಗ ಏಜೆಂಟುಗಳೂ ತುಂಬುತ್ತಿವೆ. 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಬಂದ ಮೇಲೆ ಏಜೆಂಟುಗಳು ಇಂಥ ಟೂಲುಗಳನ್ನು ಬಳಸುವುದಕ್ಕೊಂದು ಸಾಮಾನ್ಯ ದಾರಿಯೂ ಆಯಿತು. ಅದರಲ್ಲಿ ಪ್ರತಿ ಟೂಲಿಗೂ ಹೆಸರು, ವಿವರಣೆ, ಜೊತೆಗೆ ಏನು ಕೊಡಬೇಕೆಂದು ಹೇಳುವ ಜೇಸನ್ ಸ್ಕೀಮಾ ಇರುತ್ತವೆ. ಟೂಲಿನ ಒಳಗಿನ ಕೋಡು ಏಜೆಂಟಿಗೆ ಕಾಣಿಸುವುದಿಲ್ಲ. ಅದರ ಪಾಲಿಗೆ ವಿವರಣೆಯೇ ಟೂಲು.

ಎಲ್ಲ ಬಗೆಯ ಆ್ಯಪುಗಳ ಸ್ಕೀಮಾವನ್ನೂ ಮೊದಲೇ ಏಜೆಂಟಿನ ಮುಂದೆ ಸುರಿಯಬಹುದು. ಅದು ಊಟಕ್ಕೆ ಕೂತವರ ಎಲೆಯ ಮುಂದೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ತಂದಿಟ್ಟ ಹಾಗೆ. ಬೇಕಾದದ್ದನ್ನಷ್ಟೇ ಹುಡುಕಿಕೊಡುವ ನನ್ನ ಈ ಟೂಲು ಮಾತ್ರ ಬಡಿಸಲು ಬಲ್ಲದು. ‘ಮೊಬೈಲ್ ಆ್ಯಪ್’ ಎಂದು ಕೇಳಿದರೆ ಮೊಬೈಲ್ ಆ್ಯಪಿನದಷ್ಟೇ ಬರುತ್ತದೆ. ಆ ಮಿತಿಯೇ ನನಗೆ ಇಷ್ಟ.

ಬಂದ ಉತ್ತರದಲ್ಲಿ ಒಂದು ಫೀಲ್ಡನ್ನು ಹತ್ತಿರದಿಂದ ನೋಡೋಣ, ಮರಳುವ ವಿಳಾಸದ್ದು. ರಿಡೈರೆಕ್ಟ್ ಯುಆರ್‌ಐ ಎನ್ನುತ್ತೇವೆ. ಮೊದಲ ಕರಡಿನಲ್ಲಿ ನಾನು ಬರೆದದ್ದು ‘ಲಾಗಿನ್ ನಂತರದ ವಿಳಾಸ’ ಎಂದು. ತಪ್ಪೇನಿಲ್ಲ, ಆದರೆ ಉಪಯೋಗವೂ ಇಲ್ಲ. ಈಗ ಹೀಗಿದೆ: ‘ಲಾಗಿನ್ ಮುಗಿದ ಮೇಲೆ ಬಳಕೆದಾರರನ್ನು ಕಳುಹಿಸುವ ಪೂರ್ತಿ ವಿಳಾಸ. ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕೊನೆಯ ಸ್ಲ್ಯಾಶ್ ಕೂಡ ಲೆಕ್ಕಕ್ಕೆ ಬರುತ್ತದೆ. ಗೊತ್ತಿಲ್ಲದಿದ್ದರೆ ಕೇಳು, ಊಹಿಸಬೇಡ.’ ಒಂದು ಸ್ಲ್ಯಾಶ್ ಹೆಚ್ಚಾಗಿ ಇಡೀ ಮಧ್ಯಾಹ್ನ ಕಳೆದುಕೊಂಡವಳು ನಾನು. ಎರಡನೆಯ ವಾಕ್ಯದ ಬೆಲೆ ನನಗೆ ಗೊತ್ತು. ಇಂಥ ಲಾಗಿನ್ನುಗಳ ಹಿಂದಿರುವ ಓಆತ್ ಎಂಬ ಪದ್ಧತಿಯ ಭದ್ರತೆಗೆಂದು 2025ರ ಜನವರಿಯಲ್ಲಿ ಬಂದ ಕೈಪಿಡಿ, ಆರ್‌ಎಫ್‌ಸಿ 9700, ನೋಂದಾಯಿಸಿದ ವಿಳಾಸಕ್ಕೂ ಲಾಗಿನ್ ವೇಳೆ ಆ್ಯಪು ಕೊಡುವ ವಿಳಾಸಕ್ಕೂ ನಡುವಿನ ಈ ಹೊಂದಿಕೆ ಕರಾರುವಾಕ್ಕಾಗಿರಲೇಬೇಕು ಎನ್ನುತ್ತದೆ. ವಿಳಾಸ ಸಡಿಲವಾದರೆ ಬಳಕೆದಾರರ ಜೊತೆ ಹೋಗುವ ಗುಟ್ಟಿನ ಕೋಡು ಪರರ ಕೈಸೇರಬಹುದು. ಇನ್ನು ಕೊನೆಯ ವಾಕ್ಯ. ಖಾಲಿ ಜಾಗ ಕಂಡರೆ ಮನುಷ್ಯ ಪೆನ್ನು ಕಚ್ಚಿಕೊಂಡು ಪಕ್ಕದವರನ್ನು ಕೇಳುತ್ತಾನೆ. ಏಜೆಂಟು ನಂಬುವ ಹಾಗಿರುವ ಒಂದು ವಿಳಾಸವನ್ನು ಕಟ್ಟಿ ತುಂಬಿಬಿಡುವ ಅಪಾಯವಿದೆ. ‘ಕೇಳು’ ಎಂಬ ಎರಡಕ್ಷರ ಆ ಕೈಯನ್ನು ಹಿಡಿಯುತ್ತದೆ.

ಇಂಥ ವಿವರಣೆ ಬರೆಯುವಾಗ ಕೇಶಿರಾಜನ ವ್ಯಾಕರಣ, ಶಬ್ದಮಣಿದರ್ಪಣ, ನೆನಪಾಗುತ್ತದೆ. ಕಂದಪದ್ಯದಲ್ಲಿ ಸೂತ್ರ, ಗದ್ಯದಲ್ಲಿ ವೃತ್ತಿ, ಆಮೇಲೆ ಪ್ರಯೋಗ. ಸೂತ್ರ ಬಿಗಿ, ವೃತ್ತಿ ಅದನ್ನು ಬಿಡಿಸುತ್ತದೆ, ಪ್ರಯೋಗ ಅದನ್ನು ಕಣ್ಣಿಗೆ ತೋರಿಸುತ್ತದೆ. ಒಳ್ಳೆಯ ಸ್ಕೀಮಾದಲ್ಲೂ ಅದೇ ಮೂರು ಮಜಲು: ಫೀಲ್ಡಿನ ಬಗೆ, ಅದರ ವಿವರಣೆ, ಒಂದು ಉದಾಹರಣೆ. ವೃತ್ತಿಯಿಲ್ಲದ ಸೂತ್ರದ ಮುಂದೆ ಪೇಚಾಡಿದವರಿಗೆ ಈ ಮಧ್ಯದ ಮಜಲಿನ ಸವಿ ತಿಳಿದಿರುತ್ತದೆ.

‘ಬಿಟ್ಟರೆ ಏನಾಗುತ್ತದೆ’ ಎಂದು ಹೇಳುವ ಸಾಲುಗಳೂ ನನಗೆ ಪ್ರಿಯ. 2015ರ ಆರ್‌ಎಫ್‌ಸಿ 7591 ಇಂಥ ನೋಂದಣಿಯ ನಿಯಮಗಳನ್ನು ಬರೆದಿಟ್ಟ ದಸ್ತಾವೇಜು. ಆ್ಯಪು ತನ್ನ ಗುರುತನ್ನು ಹೇಗೆ ರುಜುವಾತು ಮಾಡುತ್ತದೆಂದು ತಿಳಿಸದೆ ಹೋದರೆ, ಅದು ಒಂದು ರಹಸ್ಯ ಪದವನ್ನು ಬಳಸುತ್ತದೆ ಎಂದೇ ಅದರ ಪ್ರಕಾರ ಲೆಕ್ಕ. ಆದರೆ ಸಾವಿರಾರು ಜನರ ಫೋನಿಗೆ ಹೋಗಿ ಕೂರುವ ಆ್ಯಪಿನಲ್ಲಿ ರಹಸ್ಯ ಉಳಿಯುವುದೆಲ್ಲಿ? ಹಾಗಾಗಿ ಟೂಲಿನ ಉತ್ತರದಲ್ಲಿ ಹೀಗೊಂದು ಸಾಲು ಸೇರಿತು: ‘ಮೊಬೈಲ್ ಆ್ಯಪಿಗೆ ಇದನ್ನು ಬಿಡಬೇಡ; ಯಾವುದೂ ಇಲ್ಲ ಎಂಬುದನ್ನೇ ಆರಿಸು.’ ಇಲ್ಲದ್ದನ್ನು ಇಲ್ಲ ಎಂದು ಬಾಯಿಬಿಟ್ಟು ಹೇಳಿಸುವ ಸಾಲು ಇದು.

ಅದೇ ದಸ್ತಾವೇಜಿನಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ಇನ್ನೊಂದು ಜಾಗವಿದೆ. ಆ್ಯಪಿನ ಹೆಸರನ್ನು ಹಲವು ಭಾಷೆಗಳಲ್ಲಿ ಕೊಡಬಹುದು. ಫೀಲ್ಡಿನ ಹೆಸರಿಗೆ ಹ್ಯಾಶ್ ಹಚ್ಚಿ ಭಾಷೆಯ ಗುರುತು ಬರೆದರಾಯಿತು. ಅಲ್ಲಿರುವ ಉದಾಹರಣೆ ಜಪಾನಿಯದು. ಕನ್ನಡಕ್ಕೆ ಕೆ, ಎನ್ ಎಂಬ ಎರಡು ಅಕ್ಷರ ಸಾಕು. ಗುರುತಿಲ್ಲದೆ ಬಂದ ಹೆಸರು ಯಾವ ಭಾಷೆಯದು, ಯಾವ ಲಿಪಿಯದು ಎಂದು ಯಾರೂ ಊಹಿಸಕೂಡದು, ಬಂದದ್ದನ್ನು ಬಂದ ಹಾಗೇ ತೋರಿಸಬೇಕು ಎಂಬ ಕಟ್ಟಪ್ಪಣೆಯೂ ಅಲ್ಲಿದೆ. ಎಷ್ಟು ಸಭ್ಯವಾದ ನಿಯಮ! ಹೆಸರಿನ ಫೀಲ್ಡಿಗೆ ಅದನ್ನೇ ಎರಡು ಸಾಲಾಗಿ ಇಳಿಸಿದೆ, ಉದಾಹರಣೆಯ ಜಾಗದಲ್ಲಿ ಕನ್ನಡದ ಗುರುತನ್ನಿಟ್ಟೆ.

ನಿನ್ನೆ ಸಂಜೆ ಪರೀಕ್ಷೆಗೆಂದು ‘ಅಂಗಳ’ ಎಂಬ ಹೆಸರಿನ ಆ್ಯಪನ್ನು ನೋಂದಾಯಿಸಲು ಏಜೆಂಟಿಗೆ ಹೇಳಿದೆ. ಮರಳುವ ವಿಳಾಸವನ್ನು ಬೇಕೆಂದೇ ಕೊಡಲಿಲ್ಲ. ಅದು ಮೊದಲು ಸ್ಕೀಮಾ ಕೇಳಿ ತರಿಸಿಕೊಂಡಿತು, ಓದಿತು, ನನ್ನತ್ತ ತಿರುಗಿ ವಿಳಾಸ ಯಾವುದೆಂದು ಕೇಳಿತು. ಕೊಟ್ಟೆ. ಸ್ವಲ್ಪ ಹೊತ್ತಿಗೆ ಒಪ್ಪಿಗೆ ಕೇಳುವ ಪರದೆ ಬಂತು. ನಡುವೆ ದಪ್ಪಕ್ಷರದಲ್ಲಿ ‘ಅಂಗಳ’. ಸೊನ್ನೆ, ಗಕಾರ, ಳಕಾರ ಎಲ್ಲವೂ ಇದ್ದಲ್ಲೇ ಇದ್ದವು.